ಸೊಲ್ಲು ಹಿಡಿಯುವವರು

ಸುಕ್ರಿ ಬೊಮ್ಮಗೌಡ ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ. 2025ರ ಫೆಬ್ರವರಿ 13, ಗುರುವಾರ. ಪರೀಕ್ಷೆಯ ಗಡಿಬಿಡಿಯ ದಿನಗಳು. ನಾನು ಎಂಟನೇ ತರಗತಿಯ ಕಾಪಿ ಪುಸ್ತಕಗಳ ರಾಶಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದೆ. ಪಕ್ಕದಲ್ಲಿದ್ದ ವಿಜ್ಞಾನದ ಟೀಚರ್ ಮೊಬೈಲು ನೋಡುತ್ತ, "ಮೇಡಂ, ನಿಮ್ಮ ಸುಕ್ರಜ್ಜಿ ಹೋದರಂತೆ" ಎಂದರು. 'ನಿಮ್ಮ' ಎಂದದ್ದಕ್ಕೆ ಕಾರಣವಿತ್ತು. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ನಾನು ಮೊಬೈಲಿನಲ್ಲಿ ಆ ತಾಯಿಯ ಹಾಡು ಕೇಳಿಸುವುದುಂಟು. ಕುತ್ತಿಗೆ ತುಂಬ ಮಣಿಸರ ಹಾಕಿಕೊಂಡು, ರವಿಕೆಯಿಲ್ಲದೆ ಸೀರೆಯನ್ನು ಕುತ್ತಿಗೆಗೆ ಬಿಗಿದು ಕಟ್ಟಿಕೊಂಡ ಆ ಮುದುಕಿಯನ್ನು ಕಂಡು ಮೊದಲು ಕಿಸಕ್ಕೆಂದು ನಕ್ಕ ಹುಡುಗಿಯರು, ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತಿದ್ದರು.

ಅಂಕೋಲೆಯ ಬಡಿಗೇರಿಯನ್ನು ನಾನು ಕಂಡವಳಲ್ಲ. ಆ ತಾಯಿಯನ್ನು ಎದುರು ನಿಂತು ನೋಡಿದವಳೂ ಅಲ್ಲ. ಹುಣಸೂರಿನಲ್ಲಿ ಪಾಠ ಹೇಳಿಕೊಂಡಿರುವ ನನಗೂ ಕಡಲತಡಿಯ ಹಾಲಕ್ಕಿ ಒಕ್ಕಲು ಹೆಂಗಸಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅವರ ಮಾತಿನ ಕನ್ನಡ ನನಗೆ ಅರ್ಧಕ್ಕರ್ಧ ತಿಳಿಯುವುದಿಲ್ಲ. ಆದರೂ ಅವರು ಹಾಡುವುದನ್ನು ಕೇಳಿದಾಗಲೆಲ್ಲ ನನಗೆ ಪದ ಕಲಿಸಿದ ಇನ್ನೊಬ್ಬ ಅಜ್ಜಿ ನೆನಪಾಗುತ್ತಿದ್ದರು. ಆ ದಿನವೂ ಹಾಗೇ ಆಯಿತು. ಸತ್ತದ್ದು ಸುಕ್ರಜ್ಜಿ, ನಾನು ಅತ್ತದ್ದು ಬೇರೆಯವರಿಗಾಗಿ.

ಮಾರನೆಯ ದಿನ ಪತ್ರಿಕೆಗಳನ್ನೆಲ್ಲ ತಂದು ಓದಿದೆ. 2017ರಲ್ಲಿ ಪದ್ಮಶ್ರೀ ಬಂದದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ, ಸಾವಿರಾರು ಹಾಡು ಬಾಯಲ್ಲಿದ್ದದ್ದು, ಅಕ್ಷರ ಕಲಿಯದಿದ್ದದ್ದು, ಸಾರಾಯಿ ವಿರುದ್ಧ ಹೋರಾಡಿದ್ದು ಎಲ್ಲವೂ ಇತ್ತು. ಅದೇ ಸಮುದಾಯದ, ಗಿಡ ಬೆಳೆಸಿ ಹೆಸರಾದ ತುಳಸಿಗೌಡ ಅವರು 2024ರ ಡಿಸೆಂಬರ್ 16ರಂದು ಹೋಗಿದ್ದರು. ಎರಡು ತಿಂಗಳೊಳಗೆ ಇವರೂ ಹೋದರೆಂದು ಬರೆದಿದ್ದರು. ಎಲ್ಲ ಸರಿಯೇ. ಆದರೆ ಅಷ್ಟೂ ಬರಹಗಳಲ್ಲಿ ಆ ಹಾಡು ಹೇಗಿತ್ತು ಎಂದು ಬರೆದ ಒಂದು ಸಾಲು ನನ್ನ ಕಣ್ಣಿಗೆ ಬೀಳಲಿಲ್ಲ. ಶಾಸ್ತ್ರೀಯ ಸಂಗೀತಗಾರರು ತೀರಿಕೊಂಡರೆ ಅವರ ಕಂಠ, ಅವರ ತೋಡಿ, ಅವರ ಲಯ, ಅವರ ಗುರುಪರಂಪರೆ ಎಂದು ಅರ್ಧ ಪುಟ ಬರುತ್ತದೆ. ಜನಪದ ಹಾಡುಗಾರ್ತಿಗೆ ಮಾತ್ರ ಹಾಡಿನ ಲೆಕ್ಕ, ಪ್ರಶಸ್ತಿಯ ಪಟ್ಟಿ, ಬಡತನದ ಕತೆ. ಅವರ ಕಲೆಯನ್ನು ಕಲೆಯೆಂದು ಅಳೆದು ನೋಡುವ ಮರ್ಯಾದೆಯನ್ನು ಇನ್ನೂ ನಾವು ಕೊಟ್ಟಿಲ್ಲ.

ಇನ್ನೊಂದು ಮಾತು. ಎಲ್ಲರೂ ಅವರನ್ನು 'ಹಾಲಕ್ಕಿ ಕೋಗಿಲೆ' ಎಂದೇ ಕರೆದರು. ಪ್ರೀತಿಯಿಂದ ಕೊಟ್ಟ ಹೆಸರು, ನಿಜ. ಆದರೆ ನೋಡಿ, ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುವ ಹಕ್ಕಿ. ತನ್ನ ಮರಿಯನ್ನು ಸಾಕುವುದಿಲ್ಲ. ಸುಕ್ರಜ್ಜಿಯಾದರೋ ತಾಯಿಯ ಬಾಯಿಂದ ಹಾಡು ಕಲಿತವರು, ಕೇರಿಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಕಲಿಸಿದವರು. ಎಳೆಯ ವಯಸ್ಸಿನಲ್ಲಿ ತನಗಿಂತ ಬಹಳ ದೊಡ್ಡ ಗಂಡನಿಗೆ ಕೊಟ್ಟು ಮದುವೆಯಾಯಿತು. ಆ ಗಂಡ ಕುಡಿತಕ್ಕೆ ಹೋದರು, ಸಾಕಿಕೊಂಡ ಮಗನೂ ಅದೇ ಕುಡಿತಕ್ಕೆ ಹೋದ. ಆ ಸಂಕಟದಲ್ಲೇ ಊರಿನ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿಯ ವಿರುದ್ಧ ನಿಂತರು. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈನಲ್ಲಿ. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಮುಪ್ಪಿನಲ್ಲೂ ಬಂದ ಬಂದ ದೊಡ್ಡವರಿಗೆಲ್ಲ ಹೇಳುತ್ತಿದ್ದರು. ಅದು ಕೈಗೂಡುವುದನ್ನು ನೋಡದೆ ಹೋದರು. ಇಂಥ ಹೆಂಗಸನ್ನು ಕೋಗಿಲೆ ಎಂದರೆ, ಹಾಡು ತಾನಾಗಿ ಗಂಟಲಿನಿಂದ ಉದುರಿತು, ಅದಕ್ಕೆ ಕಲಿಕೆಯೂ ಬೇಡ, ಬುದ್ಧಿಯೂ ಬೇಡ ಎಂದಂತಾಗುವುದಿಲ್ಲವೆ? ನಾನು ಅವರನ್ನು ಮೇಷ್ಟ್ರು ಎಂದು ಕರೆಯುತ್ತೇನೆ. ನಮ್ಮ ಅಜ್ಜಿಯನ್ನೂ ಹಾಗೇ.

ನಮ್ಮ ಅಜ್ಜಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆಯವರಿಗೆ ಅದು ಇಷ್ಟವಿಲ್ಲ. ಹುಡುಗಿಯರು 'ಪದದಜ್ಜಿ' ಎನ್ನುತ್ತಿದ್ದರು, ಅದೇ ಸಾಕು.

ನಾನು ಹುಟ್ಟಿದ್ದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಬೆಟ್ಟದಪುರದ ಕಡೆಯ ಒಂದು ಹಳ್ಳಿ. ಮನೆ ತುಂಬ ಹೊಗೆಸೊಪ್ಪಿನ ಕೆಲಸ. ಸೊಪ್ಪು ಮುರಿದು ತಂದ ದಿನ ಹೆಂಗಸರೆಲ್ಲ ಬ್ಯಾರನ್ನಿನ ಮುಂದೆ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಕೈಯೆಲ್ಲ ಅಂಟು, ಕಪ್ಪು. ಊಟ ಮಾಡಿದರೆ ಅನ್ನವೂ ಕಹಿ. ಪದದಜ್ಜಿ ಆ ಕೂಲಿಗೆ ಬರುತ್ತಿದ್ದರು. ಅವರಿದ್ದ ಸಾಲಿನಲ್ಲಿ ಕೆಲಸ ಬೇಗ ಆಗುತ್ತದೆ ಎಂದು ಅಪ್ಪ ಅವರನ್ನೇ ಮೊದಲು ಕರೆಸುತ್ತಿದ್ದರು. ಹಾಡು ಕೇಳುವ ಆಸೆಯಿಂದಲ್ಲ. ಅವರು ಒಂದು ಪದ ಎತ್ತಿದರೆ ಉಳಿದವರು ಸೊಲ್ಲು ಹಿಡಿಯುತ್ತಿದ್ದರು, ಕಡ್ಡಿ ತುಂಬುತ್ತಿತ್ತು.

ನಮ್ಮ ಮನೆಯ ಮದುವೆಗಳಿಗೂ ಅವರೇ ಬರಬೇಕು. ಚಪ್ಪರದ ಶಾಸ್ತ್ರಕ್ಕೊಂದು ಪದ, ಎಣ್ಣೆ ಅರಿಶಿನಕ್ಕೊಂದು, ನೀರು ತರುವುದಕ್ಕೊಂದು, ಬಳೆ ತೊಡಿಸುವುದಕ್ಕೊಂದು, ಹಸೆಗೆ ಕರೆಯುವುದಕ್ಕೊಂದು, ಬೀಗರು ಊಟಕ್ಕೆ ಕೂತಾಗ ಅವರನ್ನು ಛೇಡಿಸುವುದಕ್ಕೆ ಬೇಕಾದಷ್ಟು. ಆದರೆ ಅವರು ಮತ್ತು ಅವರ ಜೊತೆಯ ಮೂವರು ಹೆಂಗಸರು ಕೂರುತ್ತಿದ್ದದ್ದು ಚಪ್ಪರದ ಅಂಚಿನಲ್ಲಿ. ನಮ್ಮ ಅವ್ವ, ಅತ್ತೆಯರು ಪಡಸಾಲೆಯೊಳಗಿಂದಲೇ ಸೊಲ್ಲು ಹಿಡಿಯುತ್ತಿದ್ದರು. ಹಾಡು ಹೊಸಿಲು ದಾಟಿ ಒಳಕ್ಕೆ ಬರುತ್ತಿತ್ತು, ಹಾಡಿದವರು ಬರುವ ಹಾಗಿರಲಿಲ್ಲ. ಎಲ್ಲರದೂ ಆದ ಮೇಲೆ ಕೊಟ್ಟಿಗೆಯ ಪಕ್ಕದಲ್ಲಿ ಅವರಿಗೆ ಎಲೆ ಹಾಕುತ್ತಿದ್ದರು. ಎಲೆ ಅಡಿಕೆ, ಅಕ್ಕಿ, ತೆಂಗಿನಕಾಯಿ ಕೊಟ್ಟು ಕಳಿಸುವುದು. ಆಗ ಅದು ನನಗೆ ತಪ್ಪೆಂದು ಕಾಣಲೇ ಇಲ್ಲ. ಜಾನಪದ ಎಂದರೆ ಹಳ್ಳಿಯೆಲ್ಲ ಒಂದಾಗಿ ಹಾಡಿಕೊಂಡಿದ್ದ ಸುವರ್ಣಯುಗ ಎಂದು ಯಾರಾದರೂ ಭಾಷಣ ಮಾಡಿದರೆ ಆ ಕೊಟ್ಟಿಗೆಯ ಪಕ್ಕದ ಎಲೆ ನನ್ನ ಕಣ್ಣ ಮುಂದೆ ಬರುತ್ತದೆ.

ಬಿ.ಎ. ಓದುವಾಗ ನನಗೆ ಜಾನಪದವೆಂದರೆ ಪುಸ್ತಕವಾಯಿತು. ಮಾನಸಗಂಗೋತ್ರಿಯ ಜಯಲಕ್ಷ್ಮಿವಿಲಾಸಕ್ಕೆ ಕರೆದುಕೊಂಡು ಹೋಗಿ ಜಾನಪದ ವಸ್ತುಸಂಗ್ರಹಾಲಯ ತೋರಿಸಿದರು. ಅಲ್ಲಿ ಬೀಸುವ ಕಲ್ಲನ್ನು ನೋಡಿ ನಾವು ಹಳ್ಳಿಯ ಹುಡುಗಿಯರು ಮುಖ ಮುಖ ನೋಡಿಕೊಂಡೆವು. ನಮ್ಮ ಮನೆಗಳಲ್ಲಿ ಅದು ಇನ್ನೂ ಹಿತ್ತಲಲ್ಲಿ ಬಿದ್ದಿತ್ತು. ಜೀ.ಶಂ. ಪರಮಶಿವಯ್ಯನವರ ಹೆಸರು ಆಗ ನಮ್ಮ ಕಡೆ ಮನೆಮಾತು. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ ಪ್ರಕಟಿಸಿದ ಮಲೆಯ ಮಾದೇಶ್ವರನ ಕಾವ್ಯವನ್ನು ಲೈಬ್ರರಿಯಿಂದ ತಂದು ಓದಿದೆ. ಹಲಸಂಗಿ ಗೆಳೆಯರು 1931ರಲ್ಲಿ ತಂದ 'ಗರತಿಯ ಹಾಡು' ನನ್ನ ದಿಂಬಿನ ಪಕ್ಕದ ಪುಸ್ತಕ. ಇವರೆಲ್ಲರ ಋಣ ದೊಡ್ಡದು. ಅವರು ಊರೂರು ಅಲೆದು ಬರೆದುಕೊಳ್ಳದಿದ್ದರೆ ಎಷ್ಟೋ ಪದ ಮಣ್ಣಾಗುತ್ತಿದ್ದವು.

ಆದರೆ ಪುಸ್ತಕದಿಂದ ನಾನು ಒಂದು ತಪ್ಪನ್ನೂ ಕಲಿತೆ. ಹಾಡು ಎಂದರೆ ಅದರ ಮಾತು ಎಂದುಕೊಂಡೆ. ತ್ರಿಪದಿ ಅಚ್ಚಿನಲ್ಲಿ ಮೂರು ಸಾಲು. ಬಾಯಿಗೆ ಬಂದಾಗ ಎರಡನೆಯ ಸಾಲಿನ ತುಂಡು ಮತ್ತೆ ಬಂದು ಅದು ನಾಲ್ಕಾಗುತ್ತದೆ. ಮೊದಲು ಎತ್ತಿದವಳು ಒಮ್ಮೆ ಹೇಳಿದ್ದನ್ನು ಹಿಂದಿನವರು ಮತ್ತೊಮ್ಮೆ ಹೇಳುತ್ತಾರೆ. ಅವರು ಹೇಳುವಷ್ಟು ಹೊತ್ತಿನಲ್ಲಿ ಇವಳಿಗೆ ಮುಂದಿನ ನುಡಿ ನೆನಪಾಗಬೇಕು, ಇಲ್ಲವೆ ಹೊಸದಾಗಿ ಹುಟ್ಟಬೇಕು. ಅಚ್ಚಿನಲ್ಲಿ ಆ ಪುನರುಕ್ತಿಯೆಲ್ಲ ಕಾಗದ ದಂಡವೆಂದು ಬಿಟ್ಟುಹೋಗುತ್ತದೆ. ಓದುವವರಿಗೆ ಕವಿತೆ ಉಳಿಯುತ್ತದೆ, ಆದರೆ ಹಾಡುಗಾರ್ತಿ ಉಸಿರು ತೆಗೆದುಕೊಂಡ ಜಾಗ ಇರುವುದಿಲ್ಲ.

ಕ್ಯಾಸೆಟ್ಟಿನದು ಇನ್ನೊಂದು ಕತೆ. ಪಿ. ಕಾಳಿಂಗರಾಯರ ಕಂಠವನ್ನು ಮೆಚ್ಚದವರುಂಟೆ? ಜನಪದ ಗೀತೆಯನ್ನು ಪಟ್ಟಣದ ವೇದಿಕೆಗೆ ತಂದವರಲ್ಲಿ ಅವರು ಮೊದಲಿಗರು. ಸಿ. ಅಶ್ವಥ್ ಹಾಡಿದ ಶರೀಫರ ಪದಗಳನ್ನು ಕೇಳಿ ನಾನೇ ರೋಮಾಂಚನಗೊಂಡಿದ್ದೇನೆ. ಆದರೆ ಅಲ್ಲಿ ಹಾಡುವುದು ಒಂದು ಕಂಠ. ಉಳಿದವರು ವಾದ್ಯ ನುಡಿಸುತ್ತಾರೆ, ನಾವು ಕೇಳುತ್ತೇವೆ. ಸೋಬಾನೆಯಲ್ಲಿ ಕೇಳುವವರು ಎಂಬ ಜಾತಿಯೇ ಇಲ್ಲ. ಎಲ್ಲರೂ ಸೊಲ್ಲಿಗೆ ಬರಬೇಕು, ಕಂಠ ಸರಿಯಿಲ್ಲದವಳೂ ಬರಬೇಕು. ಮಳವಳ್ಳಿ ಮಹದೇವಸ್ವಾಮಿಯವರ ತಂಬೂರಿ ಕತೆಗಳ ಕ್ಯಾಸೆಟ್ಟು ನಮ್ಮ ಕಡೆ ಟೀ ಅಂಗಡಿಯಿಂದ ಟ್ರ್ಯಾಕ್ಟರಿನವರೆಗೆ ಎಲ್ಲೆಲ್ಲೂ ಕೇಳುತ್ತಿದ್ದ ಕಾಲವೊಂದಿತ್ತು. ಅದು ಕತೆ, ಕೂತು ಕೇಳುವಂಥದ್ದು, ಹಾಗಾಗಿ ಕ್ಯಾಸೆಟ್ಟಿಗೆ ಒಗ್ಗಿತು. ಹೆಂಗಸರ ಪದ ಒಗ್ಗಲಿಲ್ಲ. ಒಗ್ಗಿಸಲು ಹೊರಟವರು ಅದಕ್ಕೆ ಕೊಳಲು, ಕೀಬೋರ್ಡು ಸೇರಿಸಿ, ಒಬ್ಬ ಗಾಯಕಿಯನ್ನು ಮುಂದೆ ನಿಲ್ಲಿಸಿ, ಚುರುಕು ಮಾಡಿಬಿಟ್ಟರು.

ಬೇರೆಯವರನ್ನು ಯಾಕೆ ಅನ್ನಲಿ, ನಾನೂ ಅದನ್ನೇ ಮಾಡಿದೆ.

ಕೆಲಸ ಸಿಕ್ಕಿ ಕೆಲವು ವರ್ಷ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿದ್ದು, ಆಮೇಲೆ ಹುಣಸೂರಿಗೂ ಕೃಷ್ಣರಾಜನಗರಕ್ಕೂ ನಡುವಿನ ಒಂದು ಶಾಲೆಗೆ ವರ್ಗವಾಗಿ ಬಂದೆ. ನೋಡಿದರೆ ಪದದಜ್ಜಿ ಆ ಊರಿನಲ್ಲಿದ್ದಾರೆ, ಮಗಳ ಮನೆಯಲ್ಲಿ. ಕೂದಲೆಲ್ಲ ಬೆಳ್ಳಗಾಗಿತ್ತು. "ಇದ್ಯಾರು, ಗೌಡ್ರ ಮಗಳಾ? ಮೇಷ್ಟ್ರಮ್ಮ ಆಗ್ಬುಟ್ಯಾ ನನ್ನವ್ವ?" ಎಂದು ಎರಡೂ ಕೈಯಲ್ಲಿ ನನ್ನ ಮುಖ ಸವರಿ ನೆಟಿಗೆ ಮುರಿದರು. ಪ್ರತಿಭಾ ಕಾರಂಜಿ ಶುರುವಾಗಿದ್ದ ಹೊಸದು. ಜನಪದ ಗೀತೆಯೂ ಒಂದು ಸ್ಪರ್ಧೆ. ಹೆಡ್‌ಮಾಸ್ಟರನ್ನು ಒಪ್ಪಿಸಿ ಅಜ್ಜಿಯನ್ನು ಶಾಲೆಗೆ ಕರೆತಂದೆ.

ಅವರು ಕಲಿಸುವ ರೀತಿ ನನ್ನ ಬಿ.ಇಡ್. ಪಾಠಗಳಿಗೆಲ್ಲ ಉಲ್ಟಾ. ಮಾತು ಬರೆಸುವುದಿಲ್ಲ, ಅರ್ಥ ಹೇಳುವುದಿಲ್ಲ. ಮೊದಲ ದಿನ ಹುಡುಗಿಯರಿಗೆ ಸೊಲ್ಲು ಮಾತ್ರ ಕೊಟ್ಟರು. ಮೂರು ವಾರ ಅಷ್ಟೇ. "ಮುಂದ್ಲುದ್ನ ಯಾವಾಗ ಹೇಳ್ಕೊಡ್ತೀರಜ್ಜಿ?" ಎಂದರೆ, "ಹಿಂದೆ ಹೇಳಕ್ ಬರ್ದೋರ್ಗೆ ಮುಂದೆ ಹೇಳಕ್ ಬಂದಾತಾ?" ಎನ್ನುವರು. ಯಾರಾದರೂ ತಪ್ಪಿದರೆ ನಡುವೆ ನಿಲ್ಲಿಸುತ್ತಿರಲಿಲ್ಲ. ತಪ್ಪಿದವಳ ಕಡೆ ಸ್ವಲ್ಪ ವಾಲಿ ತಾವೇ ಗಟ್ಟಿಯಾಗಿ ಹಾಡುತ್ತಿದ್ದರು, ಅವಳು ತಾನಾಗಿ ಸರಿಹೋಗುತ್ತಿದ್ದಳು. ಬೀಸುವ ಪದ ಕಲಿಸುವ ದಿನ ರಾಗಿಕಲ್ಲು ಬೇಕೆಂದರು. ಶಾಲೆಯಲ್ಲಿ ಎಲ್ಲಿಂದ ತರುವುದು? ಹುಡುಗಿಯರನ್ನು ಇಬ್ಬಿಬ್ಬರಂತೆ ಎದುರುಬದುರು ಕೂರಿಸಿ, ನಡುವೆ ಒಂದು ಕಡ್ಡಿ ಹಿಡಿಸಿ, ಬರಿದೇ ಸುತ್ತಿಸಿದರು. ಕೈ ಎದೆಯ ಹತ್ತಿರ ಬಂದಾಗ ಮಾತು, ದೂರ ಹೋದಾಗ ಎಳೆತ. ಹದಿನೈದು ನಿಮಿಷದಲ್ಲಿ ಅಷ್ಟೂ ಮಕ್ಕಳಿಗೆ ಲಯ ಸಿಕ್ಕಿತು. ಅಷ್ಟು ದಿನ ನಾನು ಮೇಜು ಕುಟ್ಟಿ ತಾಳ ಹೇಳಿಕೊಟ್ಟಿದ್ದೆ, ಸಿಕ್ಕಿರಲಿಲ್ಲ.

ಅವರು ಪದವನ್ನು ತಿದ್ದುತ್ತಿದ್ದ ರೀತಿಯನ್ನಂತೂ ಹೇಳಲೇಬೇಕು. ನಮ್ಮ ಸೋಬಾನೆ ಪದಗಳಲ್ಲಿ ಬಂಜೆಯನ್ನು ಹೀಗಳೆಯುವ ನುಡಿಗಳಿವೆ. ಮಕ್ಕಳಿಲ್ಲದವಳ ನೆರಳು ಸಹ ಬೇಡ ಎನ್ನುವಂಥವು. ಅಜ್ಜಿಯ ಜೊತೆ ಹಾಡುತ್ತಿದ್ದ ಒಬ್ಬ ಹೆಂಗಸಿಗೆ ಮಕ್ಕಳಿರಲಿಲ್ಲ. ಆಕೆ ಪಕ್ಕದಲ್ಲಿದ್ದಾಗ ಅಜ್ಜಿ ಆ ನುಡಿಗಳನ್ನು ಹಾರಿಸಿ, ಬೇರೆರಡು ನುಡಿ ಜೋಡಿಸಿ, ಯಾರಿಗೂ ಗೊತ್ತಾಗದ ಹಾಗೆ ದಾಟಿಬಿಡುತ್ತಿದ್ದರು. ಒಮ್ಮೆ ನಾನು ಕೇಳಿದೆ. "ಪದ ದೊಡ್ಡದಾ, ಅವಳು ದೊಡ್ಡೋಳಾ?" ಎಂದಷ್ಟೇ ಹೇಳಿದರು. ಆಕೆ ತೀರಿಕೊಂಡ ಮೇಲೂ ಆ ನುಡಿಗಳು ಮತ್ತೆ ಅವರ ಬಾಯಿಗೆ ಬರಲಿಲ್ಲ. ಸಂಗ್ರಾಹಕರು ಹೋಗಿ ಒಮ್ಮೆ ಬರೆದುಕೊಂಡು ಬಂದರೆ ಆ ನುಡಿ ಅಚ್ಚಿನಲ್ಲಿ ಕಲ್ಲಿನ ಹಾಗೆ ನಿಂತುಬಿಡುತ್ತದೆ. ನಾವು ಪಾಠ ಹೇಳುವವರು ಜನಪದರ ವಿವೇಕ ಎಂದು ಅದನ್ನೂ ಕೊಂಡಾಡಿಬಿಡುತ್ತೇವೆ. ಜನಪದರ ವಿವೇಕ ಅದನ್ನು ಬಿಟ್ಟದ್ದರಲ್ಲಿತ್ತು. ಬಿಟ್ಟದ್ದು ಯಾವ ಪುಸ್ತಕದಲ್ಲೂ ಬರುವುದಿಲ್ಲವಲ್ಲ.

ಹಾಗೆಂದು ಅಜ್ಜಿಯ ಎಲ್ಲ ಪದಗಳೂ ನನಗೆ ಒಪ್ಪಿಗೆ ಎಂದಲ್ಲ. ಅತ್ತೆ ಬೈದರೆ ತಿರುಗಿ ಮಾತಾಡಬೇಡ, ತವರಿಗೆ ಕೆಟ್ಟ ಹೆಸರು ತರಬೇಡ ಎಂದು ಹೇಳುವ ಪದಗಳು ಒಂದು ಗಂಟಿನಷ್ಟಿವೆ. ಹದಿನಾಲ್ಕು ವರ್ಷದ ಹುಡುಗಿಯರ ಬಾಯಲ್ಲಿ ಅವನ್ನು ಹಾಡಿಸುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ, ಇವತ್ತಿಗೂ ಹಾಡಿಸುವುದಿಲ್ಲ. ಒಬ್ಬಳು ಜಾಣೆ ಹುಡುಗಿ, "ಮಿಸ್, ಮದುವೆ ಪದದಲ್ಲೆಲ್ಲ ಹೆಣ್ಣೇ ಯಾಕೆ ಅಳಬೇಕು?" ಎಂದು ಕೇಳಿದಳು. ನಾನು ಸ್ತ್ರೀ ಸಮಾನತೆಯ ಬಗ್ಗೆ ಏನೋ ಹೇಳಲು ಹೊರಟೆ. ಅಜ್ಜಿ ನಕ್ಕು, "ಅಳಕೆ ಅಂತ ಒಂದಿನ ಬುಟ್ಟವ್ರೆ ಕಣ್ ಮಗ. ಅವತ್ತೂ ಅಳ್ದೆ ವೋದ್ರೆ ಇನ್ಯಾವತ್ತು ಅಳ್ತೀಯೆ?" ಎಂದರು. ಹುಡುಗಿಯರು ನಕ್ಕರು. ನನಗೆ ನಗು ಬರಲಿಲ್ಲ. ಸುಕ್ರಜ್ಜಿಯ ಹಾಡು ಕೇಳುವಾಗ, ಗಂಡನನ್ನೂ ಮಗನನ್ನೂ ಸುಟ್ಟು ಬಂದ ಹೆಂಗಸು ಇನ್ನೊಬ್ಬರ ಮನೆಯ ಮದುವೆಯ ಹಾಡನ್ನು ಅಷ್ಟು ಸಮಾಧಾನದಲ್ಲಿ ಹೇಗೆ ಎತ್ತುತ್ತಾರೆ ಎಂದು ಯೋಚಿಸಿದ್ದೇನೆ. ದನಿಯಲ್ಲಿ ಗೋಳಿಲ್ಲ. ಕೈ ಕುಣಿಸುವುದಿಲ್ಲ, ಕಣ್ಣು ಮುಚ್ಚಿ ಭಾವ ತೋರಿಸುವುದಿಲ್ಲ. ಅವರು ಎತ್ತುತ್ತಾರೆ, ಜೊತೆಯ ಹೆಂಗಸರು ಹಿಡಿಯುತ್ತಾರೆ. ಟೀವಿಯ ಹಾಡುಗಾರಿಕೆಗೆ ಹೊಂದಿಕೊಂಡ ಕಿವಿಗೆ ಅದು ಸಪ್ಪೆ ಎನಿಸಬಹುದು. ನಮ್ಮ ಅಜ್ಜಿಯದೂ ಅದೇ ದಾರಿ. ದುಃಖದ ಪದವನ್ನು ದುಃಖಪಟ್ಟು ಹಾಡಿದರೆ "ನೀನ್ ಅಳ್ಬೇಡ, ಕೇಳೋರು ಅಳ್ಲಿ" ಎಂದು ತಲೆಗೆ ಮೊಟಕುತ್ತಿದ್ದರು. ರಿಯಾಲಿಟಿ ಷೋಗಳಲ್ಲಿ ಜನಪದ ಹಾಡಿ ತಾವೇ ಕಣ್ಣೀರು ಒರೆಸಿಕೊಳ್ಳುವವರನ್ನು ಕಂಡಾಗ ಆ ಮೊಟಕು ನೆನಪಾಗುತ್ತದೆ.

ಸರಿ, ಸ್ಪರ್ಧೆಯ ದಿನ ಹತ್ತಿರ ಬಂತು. ನಮಗೆ ಕೊಟ್ಟದ್ದು ಐದು ನಿಮಿಷ. ಅಜ್ಜಿ ಕಲಿಸಿದ್ದ ಹಸೆ ಪದ ಹಾಡಿದರೆ ಮುಕ್ಕಾಲು ಗಂಟೆ. ಹಸೆಗೆ ಬರುವ ಹುಡುಗಿಯನ್ನು ನುಡಿಯಿಂದ ನುಡಿಗೆ ನಡೆಸಿಕೊಂಡು ಬರುವ ಪದ ಅದು. ನಾನು ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನು ಹಿಡಿದು ಎಂಟು ನುಡಿ ಉಳಿಸಿದೆ. ಹಿಮ್ಮೇಳದ ಪುನರುಕ್ತಿ ತೆಗೆದೆ. ಸಂಗೀತ ಬಲ್ಲ ಗೆಳತಿಯೊಬ್ಬರಿಂದ ಹಾರ್ಮೋನಿಯಂ ಹಿಡಿಸಿ, ಹುಡುಗಿಯರ ಶ್ರುತಿ ಏರಿಸಿ, ನಡೆ ಚುರುಕು ಮಾಡಿದೆ. ಒಂದೇ ಬಣ್ಣದ ಸೀರೆ, ತಲೆಗೆ ಹೂವು, ಕೈಯಲ್ಲಿ ಮೊರ. ಹಾಡಿಗೂ ಮೊರಕ್ಕೂ ಏನೂ ಸಂಬಂಧವಿರಲಿಲ್ಲ! ಅಜ್ಜಿ ಬಂದು ಬಾಗಿಲಲ್ಲಿ ನಿಂತು ಒಂದು ಸಲ ಪೂರ್ತಿ ಕೇಳಿದರು. "ಹೆಂಗಿದೆ ಅಜ್ಜಿ?" ಎಂದೆ. "ಸಂದಾಗದೆ ಕಣವ್ವ" ಎಂದರು. ಸ್ವಲ್ಪ ತಡೆದು, "ಹೆಣ್ಣು ಇನ್ನೂ ಚಪ್ಪರಕ್ಕೇ ಬಂದಿಲ್ಲ, ನೀವಾಗ್ಲೆ ಆರತಿ ಎತ್ಬುಟ್ರಿ" ಎಂದರು. ಸಿಟ್ಟಿನಿಂದಲ್ಲ, ತಮಾಷೆಗೆ ಹೇಳಿದಂತೆ. ಮಾರನೆಯ ದಿನದಿಂದ ಅವರು ಶಾಲೆಗೆ ಬರಲಿಲ್ಲ. ಮಂಡಿ ನೋವು ಎಂದು ಹೇಳಿ ಕಳಿಸಿದರು.

ನಮಗೆ ಬಹುಮಾನ ಬರಲಿಲ್ಲ, ಅದು ಬಿಡಿ. ಇನ್ನೂ ಹೆಚ್ಚು ಚುರುಕಾಗಿ ಹಾಡಿದ ತಂಡಕ್ಕೆ ಹೋಯಿತು. ತೀರ್ಪುಗಾರರನ್ನು ದೂರಿ ಫಲವಿಲ್ಲ. ಅವರ ಕೈಯಲ್ಲಿದ್ದ ಕಾಗದದಲ್ಲಿ ವೇಷಭೂಷಣಕ್ಕೆ ಇಷ್ಟು, ಸಮಯಕ್ಕೆ ಇಷ್ಟು ಎಂದು ಅಂಕಗಳಿದ್ದವು. ಸೊಲ್ಲು ಹಿಡಿಯುವುದಕ್ಕೆ ಅಂಕವಿರಲಿಲ್ಲ. ನಾನು ಮನೆಗೆ ಹೋಗಿ ಕ್ಷಮೆ ಕೇಳಲಿಲ್ಲ. ಆಗ ಅದು ಕ್ಷಮೆ ಕೇಳುವ ವಿಷಯ ಎಂದೇ ಹೊಳೆದಿರಲಿಲ್ಲ. ಒಂದೆರಡು ತಿಂಗಳ ಮೇಲೆ ಅವರೇ ಬಂದರು, ಏನೂ ಆಗಿಲ್ಲದವರಂತೆ ಮತ್ತೆ ಮಕ್ಕಳನ್ನು ಕೂರಿಸಿಕೊಂಡರು.

ಆಗ ಬಿಸಿಯೂಟ ಶುರುವಾಗಿತ್ತು. ಒಂದು ದಿನ ಅಜ್ಜಿಗೂ ತಟ್ಟೆ ಹಾಕಿಸಿ ನನ್ನ ಪಕ್ಕ ಕೂರಿಸಿಕೊಂಡೆ. ತಟ್ಟೆ ಹಿಡಿದು ಏಳಲು ಹೋದರು. "ನೀವುಣ್ಣಿ ನನ್ನವ್ವ, ನಾನು ಅತ್ಲಾಗ್ ಕುಂತ್ಕತೀನಿ" ಎಂದರು. ಕೈ ಹಿಡಿದು ಕೂರಿಸಿದೆ. ಅನ್ನ ಕಲಸುತ್ತ ತಲೆ ತಗ್ಗಿಸಿಯೇ, "ನಿಮ್ಮವ್ವ ಒಳ್ಳೇದಾಗಿ ಸೊಲ್ಲಿಡಿಯೋರು" ಎಂದರು. ಅಷ್ಟೇ. ಕೊಟ್ಟಿಗೆಯ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕೋಟೆಯ ಕಡೆಯ ಶಾಲೆಯಲ್ಲಿದ್ದಾಗಿನ ಒಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಜೇನುಕುರುಬರ ಹಾಡಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಸ್ವಾತಂತ್ರ್ಯ ದಿನಾಚರಣೆಗೆ ತನ್ನ ಭಾಷೆಯ ಪದ ಹೇಳಲು ನಿಂತಳು. ನಾನು "ಕನ್ನಡದ್ದು ಹೇಳು ಮಗು" ಎಂದೆ. ಅವಳು ಹೋಗಿ ಕೂತಳು. ಆ ವರ್ಷವೆಲ್ಲ ಮತ್ತೆ ಹಾಡಲಿಲ್ಲ. ಸುಕ್ರಜ್ಜಿಯ ಹಾಡಿನ ಮಾತು ತಿಳಿಯದೆಯೂ ಕಣ್ಣರಳಿಸಿ ಕೇಳುವ ನನಗೆ ಅವತ್ತು ಆ ಮಗುವಿನ ಹಾಡನ್ನು ಕೇಳುವ ಕಿವಿ ಇರಲಿಲ್ಲ.

ಅಜ್ಜಿ ಒಂದು ಪದವನ್ನು ಮಾತ್ರ ಶಾಲೆಯಲ್ಲಿ ಕಲಿಸಲೇ ಇಲ್ಲ. ಹೆಣ್ಣೊಪ್ಪಿಸುವ ಪದ. ನಾನು ಎಷ್ಟು ಸಲ ಕೇಳಿದರೂ, "ಇಲ್ಲಿ ಯಾವ ಹೆಣ್ಣು ವೋಯ್ತಾ ಅದೆ? ಸುಮ್ಸುಮ್ನೆ ಅದ್ನ ಹೇಳ್ಬಾರ್ದು" ಎನ್ನುತ್ತಿದ್ದರು. ಟೇಪ್ ರೆಕಾರ್ಡರ್ ಮುಂದಿಟ್ಟೆ, ಅದಕ್ಕೂ ಹೇಳಲಿಲ್ಲ. ಆಗ ನನಗೆ ಅದು ಮೂಢನಂಬಿಕೆ ಎನಿಸಿತ್ತು. ಈಗ ಹಾಗೆನಿಸುವುದಿಲ್ಲ. ಯಾವ ಪದ ಯಾವಾಗ ಎಂಬುದು ಅವರ ವಿದ್ಯೆಯ ಅರ್ಧ ಭಾಗ. ಮುಂಜಾನೆಯ ರಾಗವನ್ನು ಸಂಜೆ ಹಾಡದ ವಿದ್ವಾಂಸರನ್ನು ನಾವು ಮೂಢರೆನ್ನುತ್ತೇವೆಯೆ? "ನಿನ್ ಮಗಳ ಮದ್ವೇಲಿ ನಾನೇ ಬಂದ್ ಹೇಳ್ತೀನಿ, ಅವತ್ತು ಕಲ್ತ್ಕೊ" ಎಂದು ಮಾತು ಕೊಟ್ಟಿದ್ದರು.

2016ರ ಮಾಗಿಯಲ್ಲಿ ಅವರು ಹೋದರು. ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಕಲಾವಿದರ ಮಾಸಾಶನಕ್ಕೆಂದು ನಾನು ಒಮ್ಮೆ ಅರ್ಜಿ ಬರೆದುಕೊಟ್ಟಿದ್ದೆ; ಕಾರ್ಯಕ್ರಮ ಕೊಟ್ಟ ಪ್ರಮಾಣಪತ್ರ, ಫೋಟೋ ಲಗತ್ತಿಸಿ ಎಂದು ವಾಪಸು ಬಂತು. ಮದುವೆ ಮನೆಯ ಚಪ್ಪರದಲ್ಲಿ ಯಾರು ಪ್ರಮಾಣಪತ್ರ ಕೊಡುತ್ತಾರೆ? ಮಣ್ಣಿಗೆ ಹೋಗುವ ದಿನ ತಂಬೂರಿಯವರು ಬಂದಿದ್ದರು, ರಾತ್ರಿಯೆಲ್ಲ ಭಜನೆ. ಹೆಂಗಸರು ಯಾರೂ ಪದ ಹೇಳಲಿಲ್ಲ. ಎತ್ತುವವರೇ ಹೋಗಿದ್ದರು.

2019ರಲ್ಲಿ ನನ್ನ ಮಗಳ ಮದುವೆ, ಹುಣಸೂರಿನ ಕಲ್ಯಾಣಮಂಟಪವೊಂದರಲ್ಲಿ. ವಾಲಗ ಇತ್ತು, ರಾತ್ರಿ ಆರ್ಕೆಸ್ಟ್ರಾ ಇತ್ತು. ಹೆಣ್ಣೊಪ್ಪಿಸುವ ಹೊತ್ತಿಗೆ ಫೋಟೋದವನು ಸ್ಪೀಕರಿನಲ್ಲಿ ಸಿನಿಮಾ ಹಾಡೊಂದನ್ನು ಹಾಕಿಸಿದ. ಒಳ್ಳೆಯ ಹಾಡೇ, ಎಲ್ಲರೂ ಅತ್ತರು. ನನಗೆ ಮಾತ್ರ ಗಂಟಲು ಕಟ್ಟಿತೇ ಹೊರತು ಅಳು ಬರಲಿಲ್ಲ. ಮಗಳನ್ನು ಕಾರಿಗೆ ಹತ್ತಿಸಿ ಬಾಗಿಲು ಹಾಕಿದ್ದೂ ಆಯಿತು.

ಇಷ್ಟು ವರ್ಷವಾದ ಮೇಲೆ ನನ್ನ ಬಳಿ ಇರುವುದು ಒಂದು ನೋಟ್‌ಬುಕ್ಕು, ಕೆಂಪು ಪೆನ್ನಿನಲ್ಲಿ ಗೀಟು ಹಾಕಿದ್ದು. ಗೀಟಿನ ಕೆಳಗಿರುವ ನುಡಿಗಳು ಇನ್ನೂ ಓದಲು ಬರುತ್ತವೆ. ಮತ್ತೆ ಆ ಐದು ನಿಮಿಷದ ಹಾರ್ಮೋನಿಯಂ ಹಾಡಿನ ಕ್ಯಾಸೆಟ್ಟು. ಅದರಲ್ಲಿ ಅಜ್ಜಿಯ ದನಿ ಇಲ್ಲ.

ಸುಕ್ರಜ್ಜಿ ಹೋದ ವಾರ ನಾನು ಪದದಜ್ಜಿಯ ಮೊಮ್ಮಗಳನ್ನು ಹುಡುಕಿಕೊಂಡು ಹೋದೆ. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಮೈಸೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಒಬ್ಬಳು ಮಗಳಿದ್ದಾಳೆ. "ಮಿಸ್, ನನ್ ಮದ್ವೇಲಿ ಅಜ್ಜಿ ಹೇಳಿದ್ರು. ಅರ್ಧ ಗೊತ್ತು" ಎಂದಳು. ಹೇಳು ಎಂದೆ. ಬಾಗಿಲ ಕಡೆ ಒಮ್ಮೆ, ಆಟವಾಡುತ್ತಿದ್ದ ಮಗಳ ಕಡೆ ಒಮ್ಮೆ ನೋಡಿದಳು. "ಈಗ ಬ್ಯಾಡ ಮಿಸ್" ಎಂದಳು.

ಒತ್ತಾಯ ಮಾಡಲಿಲ್ಲ. ವೈಶಾಖದಲ್ಲಿ ಅವಳ ನಾದಿನಿಯ ಮದುವೆ ಇದೆಯಂತೆ, ಚುಂಚನಕಟ್ಟೆ ಹತ್ತಿರದ ಊರು. ಕರೆದಿದ್ದಾಳೆ. ಮುಂದಿನದನ್ನು ಅವಳು ಹೇಳಿದರೆ ಸೊಲ್ಲು ನನಗೆ ಬರುತ್ತದೆ.